ಕಿಟಕಿಯ ದಿಕ್ಕು



ಮನೆ ಕಟ್ಟಿಸುವವರು ಬಾಗಿಲಿನ ದಿಕ್ಕನ್ನು ಹತ್ತು ಜನರನ್ನು ಕೇಳಿ ಗೊತ್ತುಮಾಡುವರು. ಕಿಟಕಿಯನ್ನು ಮಾತ್ರ ಗಾರೆಕೆಲಸದವನ ಇಷ್ಟಕ್ಕೆ ಬಿಡುವರು. ಮಕ್ಕಳು ಓದುವುದು ಕಿಟಕಿಯ ಬೆಳಕಿನಲ್ಲಷ್ಟೆ!

ದಕ್ಷಿಣದ ಬಿಸಿಲನ್ನು ಒಳಕ್ಕೆ ಬರಮಾಡಿಕೊಳ್ಳಿರೆಂಬುದು ಇಂಗ್ಲೆಂಡಿನಂತಹ ಶೀತದೇಶಗಳಿಗೆ ಯುಕ್ತವಾದ ಮಾತು. ಮೈಸೂರು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿ. ಇಲ್ಲಿ ಜೂನ್ ತಿಂಗಳ ನಡುಹಗಲಿನ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕೇ ಇರುವನು. ಡಿಸೆಂಬರಿನ ಕೊನೆಯಲ್ಲಿಯೂ ದಕ್ಷಿಣದಲ್ಲಿ 54 ಡಿಗ್ರಿಗಳಷ್ಟು ಎತ್ತರಕ್ಕೆ ಏರುವನು. ಆದುದರಿಂದ 4 ಅಡಿ ಎತ್ತರದ ದಕ್ಷಿಣದ ಕಿಟಕಿಗೆ, ಅದರ ಮೇಲಂಚಿನಲ್ಲಿಯೇ 3 ಅಡಿ ಸೂರು ಚಾಚಿದರೆ ನಡುಹಗಲಿನ ಬಿಸಿಲು ಒಳಹೊಗದು, ಬೆಳಕು ಮಾತ್ರ ಬರುವುದು. ಉತ್ತರದ ಕಿಟಕಿಗೆ ಅಷ್ಟೂ ಬೇಡ. ವರ್ಷದ ಬಹುಭಾಗ ಅಲ್ಲಿ ಬೆಳಕು ಸಮವಾಗಿರುವುದು.

ಕಷ್ಟವೆಲ್ಲ ಪಶ್ಚಿಮದ ಕಿಟಕಿಯದು. ಇಳಿಹೊತ್ತಿನ ಬಿಸಿಲು ಯಾವ ಸೂರಿಗೂ ಜಗ್ಗದೆ ಕೆಳಗಿನಿಂದ ನುಗ್ಗಿ ಪುಸ್ತಕದ ಮೇಲೆ ಬೀಳುವುದು. ಮನೆಯವರು ಕದವಿಕ್ಕಿ ದೀಪ ಹಚ್ಚುವರು. ಹಗಲಿನಲ್ಲಿ ದೀಪ! ಆ ಕೊಠಡಿಯನ್ನು ಉಗ್ರಾಣಕ್ಕೆ ಬಿಟ್ಟು, ಓದುವ ಮೇಜನ್ನು ಉತ್ತರದ ಕಿಟಕಿಯ ಬಳಿಗೆ ಸಾಗಿಸುವುದು ಲೇಸು. ಬಲಗೈಯಲ್ಲಿ ಬರೆಯುವ ಮಗುವಿಗೆ ಕಿಟಕಿಯು ಎಡಕ್ಕಿರತಕ್ಕದ್ದು. ಬಲಕ್ಕಿದ್ದರೆ ಕೈಯ ನೆರಳು ಬರೆಯುವ ಅಕ್ಷರದ ಮೇಲೆಯೇ ಬೀಳುವುದು.