ಹಳೆಯ ಸ್ಪೀಕರಿನ ಪಾಠಶುದ್ಧಿ

ನಿವೃತ್ತರಾದ ಮೇಷ್ಟರಿಗೆ ಬಿಡುವು ದೊರೆತರೆ ತೋಟ ಮಾಡುತ್ತಾರೆ, ಇಲ್ಲವೆ ಆತ್ಮಕಥೆ ಬರೆಯುತ್ತಾರೆ ಎಂಬುದು ಲೋಕರೂಢಿ. ಇಟ್ಟಮಡುವಿನ ಮನೆಗಳಲ್ಲಿ ತೋಟಕ್ಕೆ ಎಡೆಯಿಲ್ಲ. ಆತ್ಮಕಥೆಗೆ ಬೇಕಾದ ಧೈರ್ಯ ನನಗಿಲ್ಲ. ಆದುದರಿಂದ ನಾನು ಹಿಡಿದದ್ದು ಹಳೆಯ ಸ್ಪೀಕರುಗಳನ್ನು ದುರಸ್ತಿ ಮಾಡುವ ಹವ್ಯಾಸ. ಕನ್ನಡ ಎಂ.ಎ. ಓದಿದವನಿಗೂ ಬೆಸುಗೆಯ ಕಡ್ಡಿಗೂ ಏನು ನಂಟು ಎಂದು ಕೇಳುವವರಿದ್ದಾರೆ. ನಂಟು ಇದೆ, ಅದು ಗ್ರಂಥಸಂಪಾದನೆಯ ನಂಟು.

ಇಂದು ಮನೆಮನೆಯಲ್ಲಿರುವ ಸ್ಪೀಕರಿನ ಮೂಲ ವಿನ್ಯಾಸವನ್ನು 1925ರಲ್ಲಿ ಪ್ರಕಟಿಸಿದವರು ಅಮೆರಿಕದ ಎಂಜಿನಿಯರುಗಳಾದ ರೈಸ್ ಮತ್ತು ಕೆಲಾಗ್. ನಮ್ಮ ಶಾಸನಗಳನ್ನು ಬೆಳಕಿಗೆ ತಂದವರೂ ಒಬ್ಬ ರೈಸ್. ಹೆಸರಿನ ಈ ಹೊಂದಿಕೆ ನನಗೆ ಹಿತವೆನಿಸುತ್ತದೆ. ಸ್ಪೀಕರಿನ ರಚನೆ ಸರಳವಾದುದು: ಒಂದು ಅಯಸ್ಕಾಂತ, ಅದರ ಕಿರಿದಾದ ಸಂದಿಯಲ್ಲಿ ನಿಂತ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಶಂಕು ಹಿಂದೆ ಮುಂದೆ ಆಡುತ್ತದೆ, ಗಾಳಿ ಕಂಪಿಸುತ್ತದೆ, ನಮಗೆ ಮಲ್ಲಿಕಾರ್ಜುನ ಮನ್ಸೂರರು ಕೇಳಿಸುತ್ತಾರೆ.

ಈ ಯಂತ್ರಕ್ಕೆ ಮುಪ್ಪು ಬರುವುದು ಎರಡು ಕಡೆಯಿಂದ. ಶಂಕುವಿನ ಅಂಚನ್ನು ಲೋಹದ ಚೌಕಟ್ಟಿಗೆ ಸೇರಿಸುವ ಮೆತ್ತನೆಯ ಉಂಗುರವನ್ನು ಅನೇಕ ತಯಾರಕರು ಪಾಲಿಯುರೆಥೇನ್ ಫೋಮಿನಿಂದ ಮಾಡುತ್ತಿದ್ದರು. ಗಾಳಿಯ ತೇವ ಅದರ ಅಣುಬಂಧಗಳನ್ನು ಕಡಿಯುತ್ತ ಬರುತ್ತದೆ. 15–20 ವರ್ಷಗಳಲ್ಲಿ ಅದು ಬೆರಳು ತಾಗಿದರೆ ಉದುರುವ ಜಿಗುಟು ಪುಡಿ. ಮಡುವಿನ ಹೆಸರು ಹೊತ್ತ ನಮ್ಮ ಬಡಾವಣೆಯ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ಓಲೆಗರಿಗೆ ಗೆದ್ದಲು ಹೇಗೋ ಫೋಮಿಗೆ ತೇವ ಹಾಗೆ. ಎರಡನೆಯ ಮುಪ್ಪು ಪೆಟ್ಟಿಗೆಯ ಒಳಗಿನದು. ಮಂದ್ರವನ್ನೂ ತಾರವನ್ನೂ ಬೇರ್ಪಡಿಸುವ ಮಂಡಲದಲ್ಲಿ ಕೆಪ್ಯಾಸಿಟರು ಒಣಗುತ್ತದೆ, ತಾರಸ್ವರ ಮಂಕಾಗುತ್ತದೆ.

ಉಂಗುರ ಬದಲಿಸುವುದು ತಾಳ್ಮೆಯ ಕೆಲಸ. ಅಳತೆಗೆ ಹೊಂದುವ ಉಂಗುರವನ್ನು ಎಸ್.ಪಿ. ರಸ್ತೆಯಲ್ಲಿ ಹುಡುಕಿ ತಂದು, ಹಳೆಯ ಅಂಟನ್ನು ಸ್ಪಿರಿಟ್ಟಿನಿಂದ ತೊಡೆದು, ನಡುವಿನ ಮುಚ್ಚಳ ಬಿಡಿಸಿ, ಸುರುಳಿಯ ಸುತ್ತ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳನ್ನು ಇಳಿಸಬೇಕು. ಅಲ್ಲಿರುವ ಸಂದಿ 1 ಮಿಲಿಮೀಟರಿಗಿಂತ ಕಡಿಮೆ. ಸುರುಳಿ ನಟ್ಟನಡುವೆ ನಿಂತ ಮೇಲೆ ಉಂಗುರ ಅಂಟಿಸಿ, ಒಂದು ರಾತ್ರಿ ಒಣಗಲು ಬಿಟ್ಟು ಪಟ್ಟಿಗಳನ್ನು ತೆಗೆಯಬೇಕು. 1.5 ವೋಲ್ಟಿನ ಟಾರ್ಚು ಸೆಲ್ಲನ್ನು ತಂತಿಗಳಿಗೆ ಮುಟ್ಟಿಸಿದಾಗ ಶಂಕು ಎಲ್ಲಿಯೂ ಉಜ್ಜದೆ ಮುಂದೆ ಸರಿಯಬೇಕು. ಕರಕರ ಎಂದರೆ ಮತ್ತೆ ಮೊದಲಿನಿಂದ.

ಇಷ್ಟು ಕೈಕೆಲಸ. ಇನ್ನು ಮುಂದಿನದು ಧರ್ಮಸೂಕ್ಷ್ಮ. ಆಸ್ಟ್ರೇಲಿಯದ ಥೀಲ್ 1961ರಲ್ಲಿಯೂ, ಆ ಬಳಿಕ 1970ರ ದಶಕದಲ್ಲಿ ಸ್ಮಾಲ್ ಅವರೂ ಪೆಟ್ಟಿಗೆಯ ಗಾತ್ರಕ್ಕೂ ಮಂದ್ರಸ್ವರಕ್ಕೂ ಇರುವ ಸಂಬಂಧವನ್ನು ಗಣಿತಕ್ಕೆ ಅಳವಡಿಸಿದರು. ಆ ಲೆಕ್ಕ ಕೈಯಲ್ಲಿದ್ದರೆ ಹಳೆಯ ಸ್ಪೀಕರಿಗೆ ಹೊಸ ಪೆಟ್ಟಿಗೆ ಕಟ್ಟಬಹುದು. ಫೋಮಿನ ಬದಲು ಬಹುಕಾಲ ಬಾಳುವ ರಬ್ಬರನ್ನು ಹಾಕಬಹುದು. ಆದರೆ ರಬ್ಬರಿನ ಭಾರ ಬೇರೆ, ಬಿಗಿ ಬೇರೆ; ಶಂಕುವಿನ ಸಹಜ ಕಂಪನವೇ ಬದಲಾಗುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದ ನಮಗೆ ಸಂಪಾದಕನು ಕವಿಯನ್ನು ತಿದ್ದತಕ್ಕವನಲ್ಲ ಎಂಬುದು ರಕ್ತಗತ. ತನಗೆ ಹೆಚ್ಚು ಸೊಗಸೆಂದು ತೋರಿದ ಪದವನ್ನು ಪಂಪನ ಬಾಯಿಗೆ ಹಾಕುವುದು ಸಂಪಾದನೆಯಲ್ಲ.

ಕಳೆದ ವರ್ಷ ನಮ್ಮ ಬೀದಿಯ ಗೃಹಿಣಿಯೊಬ್ಬರು ತೀರಿಹೋದ ಯಜಮಾನರ ಜೋಡಿ ಸ್ಪೀಕರುಗಳನ್ನು ಮಗನ ಕೈಯಲ್ಲಿ ಹೊರಿಸಿ ತಂದರು. “ಮೇಷ್ಟ್ರೇ, ಹೆಚ್ಚು ಚೆನ್ನಾಗಿ ಮಾಡಬೇಡಿ. ಅವರು ಕೇಳ್ತಿದ್ದ ಹಾಗೆ ಮಾಡಿಕೊಡಿ, ಸಾಕು” ಎಂದರು. ಆ ಮಾತು ನನ್ನನ್ನು ಚಿಂತೆಗೀಡುಮಾಡಿತು. ಅವರು ಕೇಳುತ್ತಿದ್ದದ್ದು ಯಾವ ಧ್ವನಿ? ಕೊಂಡು ತಂದ ದಿನದ್ದೆ? ಅಂಚು ಹರಿದು, ತಾರಸ್ವರ ಇಂಗಿಹೋಗಿದ್ದ ಕೊನೆಯ ದಿನಗಳದ್ದೆ? ಕವಿ ಬರೆದ ಪಾಠವೊಂದು, ಓದುಗರ ಪರಂಪರೆಗೆ ದಕ್ಕಿದ ಪಾಠವೊಂದು. ಸಂಪಾದಕನನ್ನು ಕಾಡುವ ಹಳೆಯ ಪ್ರಶ್ನೆಯೇ ಅದು. ನಾನು ಫೋಮಿಗೆ ಫೋಮನ್ನೇ ಹಾಕಿದೆ. ಕೆಪ್ಯಾಸಿಟರಿಗೆ ಅದೇ ಬೆಲೆಯ ಇನ್ನೊಂದನ್ನು ಬೆಸೆದೆ. ಪೆಟ್ಟಿಗೆಯ ಮೇಲಿದ್ದ ಕಾಫಿ ಲೋಟದ ಕರೆಯನ್ನು ಉಜ್ಜಲಿಲ್ಲ.

ಆಕೆ ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಕೇಳಿದರು. “ತಂದ ಹೊಸದರಲ್ಲಿ ಹೀಗೇ ಇತ್ತು. ಯಾವಾಗ ಕೆಟ್ಟಿತೋ ನಮಗೆ ತಿಳೀಲೇ ಇಲ್ಲ” ಎಂದರು.

ತಿಳಿಯದಿರುವುದೇ ಸಹಜ. ಲಿಪಿಕಾರನೊಬ್ಬ ಒಂದಕ್ಷರ ಜಾರಿಸುತ್ತಾನೆ, ಮುಂದಿನವನು ಇನ್ನೊಂದನ್ನು. ಓದುವವರು ಬಂದದ್ದಕ್ಕೆ ಒಗ್ಗುತ್ತಾರೆ. ಕಿವಿಯೂ ಹಾಗೆಯೇ ಒಗ್ಗುತ್ತದೆ.

ನನ್ನ ಸ್ವಂತದ ಸ್ಪೀಕರುಗಳಿಗೆ ಹೊಸ ಪೆಟ್ಟಿಗೆ ಕಟ್ಟಿದ್ದೇನೆ. ಅದು ನನ್ನ ಕೃತಿ, ಗುಣದೋಷಗಳೂ ನನ್ನವೇ. ಪರರದ್ದನ್ನು ದುರಸ್ತಿ ಮಾಡಿದಾಗ ಮಾತ್ರ ಒಂದು ನೇಮ ಪಾಲಿಸುತ್ತೇನೆ. ಏನನ್ನು ತೆಗೆದೆ, ಏನನ್ನು ಹಾಕಿದೆ, ಎಂದು ಎಂಬುದನ್ನು ಚೀಟಿಯಲ್ಲಿ ಬರೆದು, ತೆಗೆದ ಕೆಪ್ಯಾಸಿಟರಿನೊಡನೆ ಪೊಟ್ಟಣ ಕಟ್ಟಿ ಪೆಟ್ಟಿಗೆಯೊಳಗೆ ಇಡುತ್ತೇನೆ. ಅದು ನನ್ನ ಅಡಿಟಿಪ್ಪಣಿ. ಇನ್ನು 20 ವರ್ಷಕ್ಕೆ ಈ ಫೋಮೂ ಪುಡಿಯಾಗುತ್ತದೆ. ಅಂದು ಪೆಟ್ಟಿಗೆ ಬಿಚ್ಚುವವರು ಯಾರೋ, ಅವರಿಗೆ ಅದು ನೆರವಾಗಲಿ.