ಓದುವ ವಯಸ್ಸಿನಲ್ಲಿ ಕ್ಯಾನ್ಸರ್: ಮಗುವಿನ ಸ್ಥಾನ ಉಳಿಸೋಣ

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಅತಿಥಿ ವೈದ್ಯರು ಮಾಡಿದ ಭಾಷಣ)



ಕ್ಯಾನ್ಸರ್ ವಯಸ್ಸಾದವರ ಕಾಯಿಲೆ ಎಂದು ನಾವು ತಿಳಿದಿದ್ದೇವೆ. ಆದರೆ 15ರಿಂದ 39 ವರ್ಷದವರಿಗೂ ಅದು ಬರುತ್ತದೆ. ವೈದ್ಯಶಾಸ್ತ್ರ ಈಗ ಇವರನ್ನು ಪ್ರತ್ಯೇಕವಾಗಿಯೇ ನೋಡುತ್ತದೆ.

ನಾನು ಕಂಡ ಒಬ್ಬ ಪಿಯುಸಿ ಹುಡುಗನಿಗೆ ಮಂಡಿ ಊದಿಕೊಂಡಿತ್ತು. ಆಟದಲ್ಲಿ ಪೆಟ್ಟಾಗಿರಬೇಕೆಂದು ಮನೆಯವರು ನಾಲ್ಕು ತಿಂಗಳು ಎಣ್ಣೆ ತಿಕ್ಕಿದರು. ಎಕ್ಸ್‌ರೇ ತೆಗೆದಾಗ ಮೂಳೆಯಲ್ಲಿ ಗಡ್ಡೆ. ಕಿಮೋಥೆರಪಿ, ಶಸ್ತ್ರಚಿಕಿತ್ಸೆ, ಮತ್ತೆ ಕಿಮೋಥೆರಪಿ. ಕಾಲು ಉಳಿಯಿತು. ಆದರೆ ಪರೀಕ್ಷೆ ತಪ್ಪಿತು, ಅವನಿಗೆ ಸಿಗುತ್ತಿದ್ದ ವಿದ್ಯಾರ್ಥಿವೇತನವೂ ನಿಂತಿತು. "ಸಾರ್, ಕಾಯಿಲೆ ಬಂದರೆ ಫೇಲ್ ಆದ ಹಾಗೆಯೇ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಪೋಷಕರೇ, ವಾರಗಟ್ಟಲೆ ಹೋಗದ ಊತ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಬಿಟ್ಟೂಬಿಡದ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಇವನ್ನು ಅಲಕ್ಷಿಸಬೇಡಿ. ಹೆಣ್ಣುಮಗಳಾದರೆ ಮದುವೆಗೆ ತೊಂದರೆಯೆಂದು ಮುಚ್ಚಿಡಬೇಡಿ. ಇದು ಅಂಟುರೋಗವಲ್ಲ. ಹಾಡ್ಜ್‌ಕಿನ್ ಲಿಂಫೋಮಾದಂಥ ಕ್ಯಾನ್ಸರ್ ಬಂದ ಯುವಜನರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಕೆಲವು ಔಷಧಗಳಿಂದ ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಾಗಬಹುದು. ಅದಕ್ಕೆ ಏನು ಮಾಡಬಹುದೆಂದು ಚಿಕಿತ್ಸೆ ಶುರುವಾಗುವ ಮೊದಲೇ ಸಂಕೋಚವಿಲ್ಲದೆ ವೈದ್ಯರನ್ನು ಕೇಳಿ.

ನಮ್ಮನ್ನು ಹೆಚ್ಚು ಕಾಡುವುದು ಅರ್ಧಕ್ಕೆ ನಿಲ್ಲುವ ಚಿಕಿತ್ಸೆ. ಲಿಂಫೋಬ್ಲಾಸ್ಟಿಕ್ ರಕ್ತದ ಕ್ಯಾನ್ಸರಿಗೆ ಎರಡು ಮೂರು ವರ್ಷ ಔಷಧ ಬೇಕು. ಜ್ವರ ಇಳಿದು ಮುಖಕ್ಕೆ ಕಳೆ ಬಂದೊಡನೆ ವಾಸಿಯಾಯಿತೆಂದು ಬಿಟ್ಟರೆ ಕಾಯಿಲೆ ಮರಳುತ್ತದೆ.

ದಾನಿಗಳೇ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ತಿಂಗಳು ತಿಂಗಳು ಹೋಗಿಬರುವ ಬಸ್ ಚಾರ್ಜು, ಕೋಣೆ ಬಾಡಿಗೆ, ಜೊತೆಗಿರುವ ತಂದೆಯ ತಪ್ಪಿದ ಕೂಲಿ, ಇವು ಮನೆಯವರ ಮೇಲೇ ಬೀಳುತ್ತವೆ. ಬಹಳ ಮಂದಿ ಸೋಲುವುದು ಇಲ್ಲಿ. ನಿಮ್ಮ ಸಣ್ಣ ನೆರವೂ ಇಲ್ಲಿ ದೊಡ್ಡದು.

ಟ್ರಸ್ಟಿನವರಲ್ಲಿ ನನ್ನದೊಂದು ವಿನಂತಿ. ಅರ್ಜಿಯೊಂದಿಗೆ ಕಳೆದ ವರ್ಷದ ಅಂಕಪಟ್ಟಿ ಕೇಳುತ್ತೀರಿ, ಅದು ಸರಿಯೇ. ಚಿಕಿತ್ಸೆಯಲ್ಲಿರುವ ಮಗುವಿನಿಂದ ಅದರ ಬದಲು ವೈದ್ಯರ ಪತ್ರ ಪಡೆಯಿರಿ. ಎರಡು ವರ್ಷವಾದರೂ ಅದರ ಸ್ಥಾನ ಹಾಗೆಯೇ ಉಳಿಸಿ. ಮರಳಿ ಹೋಗಲು ಕಾಲೇಜು ಇದೆಯೆಂದು ಗೊತ್ತಿರುವ ಮಗು ಔಷಧ ಬಿಡದೆ ಮುಂದುವರಿಸಲು ಧೈರ್ಯ ಪಡೆಯುತ್ತದೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯ ಕರುಣಿಸಲಿ.