ಹೆರುವ ತಾಯಿಗೆ ಸೂತಕವಿಲ್ಲ

(ಮೈಸೂರಿನ ದಟ್ಟಗಳ್ಳಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಅವುಗಳಲ್ಲಿ ಜನನಸೂತಕವೂ ಒಂದು, ಜಾತಿಸೂತಕವೂ ಒಂದು. ಹೆತ್ತವಳು ಮೈಲಿಗೆಯಲ್ಲ, ಹುಟ್ಟಿದ ಕುಲವೂ ಮೈಲಿಗೆಯಲ್ಲ ಎಂದರು. ಇದನ್ನು ನಾವೆಲ್ಲ ಒಪ್ಪಿದ್ದೇವೆ. ಒಪ್ಪಿದ್ದು ನಡೆಗೆ ಬಂದಿದೆಯೆ? ಇಂದು ಅದನ್ನು ವಿಚಾರ ಮಾಡೋಣ.

ದಟ್ಟಗಳ್ಳಿಯ ಬಸುರಿಗೆ ನೋವು ಬಂದರೆ ಆಟೋ ಉಂಟು, ನಗರದಲ್ಲಿ ಚೆಲುವಾಂಬ ಆಸ್ಪತ್ರೆ ಉಂಟು. ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಹಾಡಿಗಳಲ್ಲಿ ಜೇನುಕುರುಬರು, ಕಾಡುಕುರುಬರು, ಯರವರು ಇದ್ದಾರೆ. ಅಲ್ಲಿಯ ತಾಯಿಗೆ ನಡುರಾತ್ರಿ ನೋವು ಬಂದರೆ? ಕಾಡುದಾರಿ, ಆನೆಯ ಭಯ. 2008ರಿಂದ ರಾಜ್ಯದಲ್ಲಿ 108ರ ವಾಹನವೇನೋ ಇದೆ. ವಾಹನ ಬರಬೇಕಾದರೆ ಮೊದಲು ಫೋನಿನ ಕರೆ ಹೋಗಬೇಕಲ್ಲ!

ಬಯಲಿನಲ್ಲಿ 5 ಸಾವಿರ ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ, ಬುಡಕಟ್ಟು ಪ್ರದೇಶದಲ್ಲಿ 3 ಸಾವಿರಕ್ಕೆ ಒಂದು ಎಂಬುದು ಸರ್ಕಾರದ ಕಟ್ಟಳೆ. ಕಟ್ಟಳೆ ಒಳ್ಳೆಯದೇ. ಆದರೆ ಹಾಡಿಗಳು ಚಿಕ್ಕವು, ಚದುರಿದವು. 3 ಸಾವಿರ ತಲೆ ಕೂಡಿಸಲು ಎಷ್ಟು ಕಾಡು ಸುತ್ತಬೇಕು! ತಲೆಯನ್ನಷ್ಟೇ ಎಣಿಸಿದರೆ ದೂರ ಲೆಕ್ಕಕ್ಕೆ ಬರುವುದಿಲ್ಲ.

ಕಷ್ಟ ದಾರಿಯದೊಂದೇ ಅಲ್ಲ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಅದೇ ದಶಕದಲ್ಲಿ ಕಬಿನಿ ಅಣೆಕಟ್ಟೂ ಎದ್ದಿತು. ಕಾಡಿನಿಂದ ಹೊರಬಂದವರ ತಟ್ಟೆಯಿಂದ ಗೆಡ್ಡೆ, ಸೊಪ್ಪು, ಜೇನು ದೂರವಾದವು. ಬಸುರಿಯ ರಕ್ತ ತೆಳುವಾಗದೆ ಇನ್ನೇನು? ಅದರ ಮೇಲೆ ಸಿಕಲ್ ಸೆಲ್ ಎಂಬ ರಕ್ತದೋಷ ಈ ಬುಡಕಟ್ಟುಗಳಲ್ಲಿ ಕಂಡುಬರುತ್ತದೆ. ತಂದೆತಾಯಿ ಇಬ್ಬರಲ್ಲೂ ಅದರ ಅಂಶವಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಬರಿಯ ಕಬ್ಬಿಣದ ಮಾತ್ರೆಯಿಂದ ಅದು ವಾಸಿಯಾಗದು, ಮೊದಲೇ ರಕ್ತಪರೀಕ್ಷೆಯಾಗಬೇಕು. ಅದಕ್ಕೆಂದೇ 2023ರಲ್ಲಿ ರಾಷ್ಟ್ರೀಯ ಯೋಜನೆಯೊಂದು ಆರಂಭವಾಯಿತು.

ಇಷ್ಟೆಲ್ಲ ದಾಟಿ ಬಂದ ತಾಯಿಯ ಉಡುಗೆ ಕಂಡು ಮೂಗು ಮುರಿದರೆ, ಏಕವಚನದಲ್ಲಿ ಗದರಿದರೆ, ಅವಳು ಮತ್ತೊಮ್ಮೆ ಬರುವಳೆ? ಬಾರದಿದ್ದರೆ ‘ಕಾಡಿನವರಿಗೆ ತಿಳಿವಳಿಕೆಯಿಲ್ಲ’ ಎನ್ನುತ್ತೇವೆ. ಶರಣರು ಹೊರಹಾಕಿದ ಎರಡು ಸೂತಕಗಳೂ ಹೀಗೆ ಹಿಂಬಾಗಿಲಿನಿಂದ ಒಳಬರುತ್ತವೆ.

ದಾರಿ ತೋರಿದವರಿದ್ದಾರೆ. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೋಟೆ ತಾಲ್ಲೂಕಿನ ಹಾಡಿಗಳಲ್ಲಿ ಕೆಲಸ ಮಾಡಿತು. ಬೆಟ್ಟದಲ್ಲಿ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ದಾದಿಯ ತರಬೇತಿ ಕೊಟ್ಟರು. ತನ್ನವಳೇ ನಾಡಿ ಹಿಡಿದಾಗ ಬಸುರಿಯ ಅಂಜಿಕೆ ಅರ್ಧ ಇಳಿಯುತ್ತದೆ.

ಮಾದಪ್ಪನ ಕಥೆ ನಿಮಗೆ ಗೊತ್ತು. ಸೋಲಿಗರ ಸಂಕಮ್ಮ ಕಾಡಿನಲ್ಲಿ ಒಂಟಿಯಾಗಿ ಸಂಕಟಪಟ್ಟಾಗ ಮಾದಪ್ಪ ತಾನೇ ಅವಳಿದ್ದಲ್ಲಿಗೆ ಹೋದ. ಅವಳಿಗೆ ಕಾರಯ್ಯ ಬಿಲ್ಲಯ್ಯರನ್ನು ಕೊಟ್ಟ. ‘ಬೆಟ್ಟ ಇಳಿದು ಬಾ’ ಎನ್ನಲಿಲ್ಲ. ನಾವು ಅವನ ಹೆಸರಿನಲ್ಲಿ ಪರುಷೆ ಹೋಗುತ್ತೇವೆ, ಅವನ ನಡೆಯನ್ನು ಮರೆಯುತ್ತೇವೆ.

ನಿಮ್ಮಲ್ಲಿ ದಾದಿಯರಿದ್ದರೆ, ವೈದ್ಯರಿದ್ದರೆ, ಹಾಡಿಯ ತಾಯಿಗೆ ‘ಬನ್ನಿ ತಾಯಿ’ ಎನ್ನಿ, ಅದೇ ಕಾಯಕ. ಯುವಕರು ರಕ್ತ ಕೊಡಿ. ಅವಳ ಜೊತೆ ಬಂದವರು ಕೂಲಿ ಬಿಟ್ಟು ಬಂದಿರುತ್ತಾರೆ, ಅವರಿಗೆ ಒಂದು ಹೊತ್ತಿನ ಬುತ್ತಿ ಒಯ್ಯಿರಿ, ಅದೇ ದಾಸೋಹ.

ಎಲ್ಲ ತಾಯಂದಿರ ಮಡಿಲೂ ತಂಪಾಗಿರಲಿ.